ತಣ್ಣಗಿರುವುದನ್ನು ಮುಟ್ಟದವಳು

"ಚಿಲ್ರೆ ಬೇಡ. ನೀವೇ ಇಟ್ಕೊಳ್ಳಿ."

ಅವಳು ಹೇಳಿದ್ದು ಅಷ್ಟೇ. ಕಂಡಕ್ಟರ್ ಮಂಟೇಶನ ನೀಡಿದ ಕೈ ಹಾಗೇ ನಿಂತಿತು. ಅಂಗೈಯಲ್ಲಿ ನಾಣ್ಯಗಳಿದ್ದವು.

"ನಾನೇನು ಭಿಕ್ಷೆ ಕೇಳಿದ್ನಾ? ನಿಮ್ಮ ದುಡ್ಡು, ತಗೊಳ್ಳಿ."

"ಬೇಡ ಅಂದ್ನಲ್ಲ..."

ಏಪ್ರಿಲ್ ತಿಂಗಳ ಮಧ್ಯಾಹ್ನ. ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೊರಟಿದ್ದ ಆ ಖಾಸಗಿ ಬಸ್ಸು ಒಲೆ ಮೇಲಿಟ್ಟ ಬಾಂಡ್ಲಿಯ ಹಾಗೆ ಕಾದಿತ್ತು. ಗಂಡಸರು ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದರು. ಅಂಥ ಬಸ್ಸಿನಲ್ಲಿ ಕಿಟಕಿ ಮುಚ್ಚಿ, ಮೂಗು ಬಾಯಿಗೆ ವೇಲು ಸುತ್ತಿ, ಎರಡೂ ಕೈಗೆ ಉಣ್ಣೆಯ ಗ್ಲೌಸು ತೊಟ್ಟು ಕೂತಿದ್ದಳು ಪವಿತ್ರ.

ಮಂಟೇಶ ಆ ಗ್ಲೌಸನ್ನು ನೋಡಿದ. ಟಿಕೆಟ್ಟಿನ ತುದಿಯನ್ನಷ್ಟೇ ಚಿವುಟಿ ಹಿಡಿದಿದ್ದ ಬೆರಳುಗಳನ್ನು ನೋಡಿದ. ನಾಣ್ಯಗಳನ್ನು ಚೀಲಕ್ಕೆ ಎಸೆದ.

ಅವಳು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತು. ಧನಗೆರೆ ದಾಟಿ ಒಳಕ್ಕೆ ಹೋದರೆ ಸಿಗುವ ಊರು ಇಬ್ಬರದೂ. ಅವಳದು ಮಠದ ಬೀದಿಯ ದೊಡ್ಡಮನೆ. ಅವನದು ಕೆರೆ ಏರಿಯ ಕೆಳಗಿನ ಕೇರಿ. ಅವನ ತಾಯಿ ರಾಚಮ್ಮ ಆ ದೊಡ್ಡಮನೆಯ ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಾ ಮುದುಕಿಯಾದವಳು. ಬಾಯಾರಿದಾಗ ಹಿತ್ತಲ ಬಾಗಿಲಲ್ಲಿ ಬೊಗಸೆಯೊಡ್ಡಿ ನಿಲ್ಲುತ್ತಿದ್ದಳು. ಮೇಲಿನಿಂದ ಎತ್ತಿ ಹುಯ್ಯುತ್ತಿದ್ದರು. ಅರ್ಧ ಬಾಯಿಗೆ, ಅರ್ಧ ಸೆರಗಿಗೆ. ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಾ ಬೆಳೆದವನು ಮಂಟೇಶ. ಈಗ ಹಗಲು ಬಸ್ಸು, ಸಂಜೆ ಕಾನೂನು ಓದು, ರಜದ ದಿನ ಕೊಳ್ಳೇಗಾಲದಲ್ಲಿ ಗೆಳೆಯರ ಜೊತೆ ಪುಸ್ತಕ ಓದಿ ಜಗಳವಾಡುವುದು.

ಆದರೆ ಅವನಿಗೆ ಗೊತ್ತಿಲ್ಲದ್ದು ಒಂದಿತ್ತು.

ಅಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಪವಿತ್ರಳ ರಕ್ತನಾಳಕ್ಕೆ ಹನಿ ಹನಿಯಾಗಿ ಕೀಮೋ ಇಳಿದಿತ್ತು. ಅವಳಿಗಿದ್ದದ್ದು ದೊಡ್ಡ ಕರುಳಿನ ಕೊನೆಯಲ್ಲಿ, ಗುದದ್ವಾರದ ಹತ್ತಿರ ಹುಟ್ಟಿದ ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ಅದರ ಕೋಶಗಳು ಹರಳಿನ ಉಂಗುರದ ಹಾಗೆ ಕಾಣುತ್ತವಂತೆ. ಬಲು ಅಪರೂಪದ್ದು, ಬಲು ಅವಸರದ್ದು ಎಂದಿದ್ದರು ಡಾಕ್ಟರು. ಕರುಳು ಕತ್ತರಿಸಿ ಹೊಲಿದಾಗಿತ್ತು. ಈಗ ಮೂರು ವಾರಕ್ಕೊಮ್ಮೆ ಈ ಔಷಧಿ.

ಆ ಔಷಧಿಗೊಂದು ವಿಚಿತ್ರ ಗುಣ. ಅದು ಮೈಗೆ ಹೊಕ್ಕ ಮೇಲೆ ಕೆಲವು ದಿನ ತಣ್ಣಗಿರುವುದೆಲ್ಲ ಶತ್ರು. ನೀರು, ಗಾಳಿ, ಕಬ್ಬಿಣದ ಸರಳು, ಕೊನೆಗೆ ಒಂದು ನಾಣ್ಯ ಕೂಡ. ಎಷ್ಟೇ ಬಿಸಿಲಿರಲಿ, ಲೋಹವೆಂದರೆ ಭಯ. ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತೆ ಜುಮ್ಮೆನ್ನುತ್ತದೆ. ತುಟಿಗೆ ತಾಗಿದರೆ ಗಂಟಲು ಬಿಗಿದುಕೊಂಡು ಉಸಿರೇ ನಿಂತಂತಾಗುತ್ತದೆ.

ಇದನ್ನು ಬಸ್ಸಿನ ತುಂಬ ಜನರ ಎದುರು ಹೇಗೆ ಹೇಳುವುದು? ಯಾವ ಜಾಗದ ಕಾಯಿಲೆ ಅಂತ ಹೇಳುವುದು?

ಯಳಂದೂರಿನಲ್ಲಿ ಬಸ್ಸು ನಿಂತಾಗ ಅವಳ ಕಣ್ಣು ಕತ್ತಲಿಟ್ಟಿತು. ಹಣೆ ಮುಂದಿನ ಸೀಟಿಗೆ ಬಡಿಯಿತು.

"ಅಯ್ಯೋ, ಯಾರಾರ ನೀರ್ ಕೊಡ್ರಪ್ಪ ಆ ಹುಡ್ಗಿಗೆ" ಎಂದಳು ಹಿಂದಿನ ಸೀಟಿನ ಮುದುಕಿ.

ಮಂಟೇಶ ಆಗಷ್ಟೇ ಅಂಗಡಿಯ ಫ್ರಿಜ್ಜಿನಿಂದ ತಂದ ಬಾಟಲಿ ಹಿಡಿದು ಮೇಲೆ ಹತ್ತುತ್ತಿದ್ದ. ಸಿಟ್ಟೆಲ್ಲ ಮರೆತು ಓಡಿ ಬಂದ. ವೇಲು ಸರಿಸಿ ಬಾಟಲಿಯನ್ನು ಅವಳ ತುಟಿಗೆ ಹಿಡಿದ. "ಕುಡೀರಿ... ಒಂದ್ ಗುಟುಕು ಕುಡೀರಿ."

ಸಾವಿರ ಸೂಜಿ ಒಮ್ಮೆಲೇ ಚುಚ್ಚಿದವು. ಗಂಟಲು ಕಟ್ಟಿತು. ಪ್ರಾಣಭಯದಲ್ಲಿ ಅವಳ ಕೈ ತಾನಾಗಿ ಬೀಸಿತು. ಬಾಟಲಿ ಹಾರಿ ಮಂಟೇಶನ ಎದೆಗೆ ಬಡಿದು, ಅಂಗಿ ತೋಯಿಸಿ, ಸೀಟುಗಳ ನಡುವೆ ಉರುಳಿ ಹೋಯಿತು.

ಇಡೀ ಬಸ್ಸು ನೋಡಿತು.

ಊರಿನವರು ಯಾರೋ ಕಿಸಕ್ಕನೆ ನಕ್ಕರು. ಅವರಿಗೆ ಎಲ್ಲ ಅರ್ಥವಾಗಿತ್ತು. ಅಥವಾ ಹಾಗಂದುಕೊಂಡಿದ್ದರು.

"ಪರವಾಗಿಲ್ಲ ಬುಡಿ." ಮಂಟೇಶನ ದನಿ ತಣ್ಣಗಿತ್ತು. "ಜೀವ ಓಗ್ತಿದ್ರೂ ನಮ್ಮ ಕೈನೀರು ನಿಮ್ಮ ಗಂಟಲಲ್ಲಿ ಇಳಿಯಾಕಿಲ್ಲ. ಹೆಸರಿಗೆ ತಕ್ಕಂಗೇ ಇದ್ದೀರಿ ಕಣ್ರಿ, ಪವಿತ್ರ ಅವ್ವೋರೆ."

ಹೇಳಬೇಕೆಂದರೂ ಅವಳಿಗೆ ಸ್ವರವಿರಲಿಲ್ಲ. ಗಂಟಲು ಸಡಿಲಾಗುವ ಹೊತ್ತಿಗೆ ಬಸ್ಸು ಮಾಂಬಳ್ಳಿ ಹತ್ತಿರ ಬಂದಿತ್ತು. ಆಗ ಸ್ವರಕ್ಕಿಂತ ಮೊದಲು ಸಿಟ್ಟು ಬಂತು.

*ಏನಾಯ್ತು ಅಂತ ಒಂದು ಮಾತು ಕೇಳಿದನಾ? ಇಂಥವನಿಗೆ ನಾನ್ಯಾಕೆ ಉತ್ತರ ಕೊಡಲಿ?*

"ಬಸ್ ನಿಲ್ಸಿ. ಇಳೀಬೇಕು."

"ಕೊಳ್ಳೇಗಾಲ ಇನ್ನೂ ದೂರ ಅದೆ."

"ನಿಲ್ಸಿ ಅಂದೆ."

ಅವನು ಸೀಟಿ ಊದಿದ. ಮುಖ ಬೆಳ್ಳಗಾಗಿತ್ತು ಅವಳದು, ಕಾಲು ತಡವರಿಸುತ್ತಿತ್ತು. ಅವನು ಅದನ್ನು ಕಂಡ. ಕಂಡೂ, ಅವಳು ಇಳಿದ ಕೂಡಲೇ ಇನ್ನೊಂದು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ಹೋಯಿತು. ರಸ್ತೆ ಬದಿಯ ಮೈಲಿಗಲ್ಲಿಗೆ ಒರಗಿ ಪವಿತ್ರ ವಾಂತಿ ಮಾಡಿಕೊಂಡಳು.

ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಆ ಸಿಟ್ಟಿನ ಒಳಗೆ ಏನೋ ಒಂದು ಬಿಸಿ... ಕಾಯಿಲೆ ಗೊತ್ತಾದಾಗಿನಿಂದ ಮನೆಯವರೆಲ್ಲ ಅವಳ ಜೊತೆ ಹೆಣದ ಪಕ್ಕ ಕೂತವರಂತೆ ಮೆಲ್ಲಗೆ ಮಾತಾಡುತ್ತಿದ್ದರು. ಇವನೊಬ್ಬ ಬದುಕಿರುವವಳ ಜೊತೆ ಜಗಳವಾಡಿದ್ದ!

*

ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿತ್ತು.

ಅಣ್ಣ ಮಹದೇವಪ್ರಸಾದ್ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮುಖದಲ್ಲಿ ಅವಳು ಎಂದೂ ಕಾಣದ ಹೆಮ್ಮೆ.

"ಬಾರವ್ವ. ಮನೆ ಮರ್ಯಾದೆ ಉಳಿಸ್ದೆ ಇವತ್ತು. ಓದ್ದೋರೆಲ್ಲ ಕೆಟ್ಟೋದ್ರು ಅಂತಿದ್ದೆ, ನೀನು ಕೆಟ್ಟಿಲ್ಲ."

"ಏನಣ್ಣ ಅಂತಿದ್ದೀಯ? ನೀರು ತಣ್ಣಗಿತ್ತು. ಅದಕ್ಕೆ..."

"ಗೊತ್ತು ಕಣವ್ವ. ಆದ್ರೆ ಊರಿಗೆ ಅದು ಯಾಕೆ? ರಾಚಿ ಮಗ ಬಾಯಿಗೆ ನೀರಿಡಾಕೆ ಬಂದ, ನೀನು ಎತ್ತೆಸೆದೆ. ಅಷ್ಟೇ ಕತೆ. ಚೆನ್ನಾಗದೆ ಅದು."

ಬಸ್ಸಿನ ಬೈಗುಳವನ್ನು ಪವಿತ್ರ ನುಂಗಿಕೊಂಡು ಬಂದಿದ್ದಳು. ಈ ಹೊಗಳಿಕೆ ಗಂಟಲಲ್ಲಿ ಇಳಿಯಲಿಲ್ಲ.

"ಬಸ್ ಓನರ್ ಶಿವಕುಮಾರಸ್ವಾಮಿ ನಮ್ಮೋನೇ. ಫೋನ್ ಮಾಡಿದ್ದೀನಿ. ಆ ರಾಚಿ ಮಗ ಭಾನುವಾರ ಇಲ್ಲಿಗೆ ಬಂದು ನಿನ್ನ ಕಾಲು ಮುಟ್ಟಿ ತಪ್ಪಾಯ್ತು ಅನ್ಬೇಕು. ಇಲ್ಲಾಂದ್ರೆ ಕೆಲ್ಸ ಇಲ್ಲ."

"ನಾನು ನಿಜ ಹೇಳ್ತೀನಿ."

ಒಳಗಿನಿಂದ ತಾಯಿ ಚನ್ನಮಲ್ಲಮ್ಮ ಓಡಿ ಬಂದರು. "ಸುಮ್ಕಿರು ಮಗ. ಆ ಜಾಗದ ಕಾಯ್ಲೆ ಅಂತ ಹೆಣ್ಮಗಳು ಬಾಯ್ಬಿಟ್ಟು ಏಳ್ಕತದಾ? ಕಾಮಾಲೆ ಅಂತ ಎಲ್ರಿಗೂ ಏಳಿವ್ನಿ. ಹನೂರಿನ ಗಂಡಿನ ಕಡೆಯೋರು ಬೇರೆ ಹೆಣ್ಣು ಕೇಳ್ತಾವ್ರೆ..."

ಹೀಗೇ ತಾನೆ ಆದದ್ದು? ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದಾಗಲೂ ಇದೇ ಮಾತು. ಮೂಲವ್ಯಾಧಿ ಇರಬೇಕು, ಹೇಳ್ಕೋಬೇಡ, ಮಜ್ಜಿಗೆ ಕುಡಿ. ಅವಳು ಪಾಠ ಹೇಳುವ ಶಾಲೆಯ ಹೆಂಗಸರಿಗೂ ಹೇಳಲಿಲ್ಲ. ನಾಚಿಕೆ ಎಂಬ ಒಂದು ಪದದ ಹಿಂದೆ ಕುಳಿತು ಆ ಗೆಡ್ಡೆ ನಿಶ್ಚಿಂತೆಯಿಂದ ಬೆಳೆದಿತ್ತು. ಹೆಣ್ಣಿನ ಮೈಯಲ್ಲಿ ಕೆಲವು ಜಾಗಗಳಿಗೆ ಹೆಸರೇ ಇಲ್ಲ. ಹೆಸರಿಲ್ಲದ ಜಾಗಕ್ಕೆ ಔಷಧಿ ಯಾರು ಕೊಡುತ್ತಾರೆ?

*

ಮೈ ಸ್ವಲ್ಪ ಹತೋಟಿಗೆ ಬಂದ ದಿನ ಪವಿತ್ರ ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಹೋದಳು. ಮಂಟೇಶ ಟೀ ಅಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತು ಕಾನೂನಿನ ಪುಸ್ತಕ ಓದುತ್ತಿದ್ದ.

"ಇನ್ನೂ ಏನಾದ್ರೂ ಎಸೆಯೋದು ಬಾಕಿ ಇದ್ಯಾ?" ತಲೆ ಎತ್ತದೆ ಕೇಳಿದ.

"ನನಗೆ ಕ್ಯಾನ್ಸರ್ ಇದೆ."

ಅವನು ತಲೆ ಎತ್ತಿದ.

"ಎಲ್ಲಿ ಅಂತ ಕೇಳಿ. ಕೇಳಲ್ವಾ? ಗುದದ ಹತ್ರ. ಯಾರಿಗೂ ಹೇಳಬಾರದು ಅಂದಿದ್ದಾರೆ, ಅದಕ್ಕೆ ನಿಮಗೆ ಹೇಳ್ತಿದ್ದೀನಿ. ಕೀಮೋ ಕೊಟ್ಟ ದಿನ ತಣ್ಣಗಿರೋದು ತುಟಿಗೆ ತಾಗಿದ್ರೆ ಉಸಿರು ಕಟ್ಟುತ್ತೆ. ನಾಣ್ಯ ಮುಟ್ಟಿದ್ರೂ ಚುಚ್ಚುತ್ತೆ. ಮಡಿ ಅಲ್ಲ ಕಣ್ರಿ ಅದು. ಚಳಿ."

ಮಂಟೇಶ ಪುಸ್ತಕ ಮುಚ್ಚಿದ.

"ಅಂದ್ರೆ... ಮಾಂಬಳ್ಳಿಯಲ್ಲಿ ಅಂಥ ಸ್ಥಿತೀಲಿ ನಿಮ್ಮನ್ನ ನಾನು..."

"ನಾನೇ ಇಳಿದೆ."

"ನಿಮ್ಮ ಕಾಲು ನಡುಗ್ತಿದ್ದದ್ದು ನಾನು ನೋಡ್ದೆ. ನೋಡಿ ಸೀಟಿ ಊದ್ದೆ." ಅವನು ಮುಖ ಒರೆಸಿಕೊಂಡ. "ಅದು ನನ್ನ ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ. ಇಲ್ಲೇ, ಈಗಲೇ. ನಿಮ್ಮಣ್ಣನ ಅಂಗಳದಲ್ಲಿ ಅಲ್ಲ."

ಜಗಳ ಮುಗಿಯಿತು ಎಂದುಕೊಂಡಳು ಪವಿತ್ರ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅವನು ಒಳಗಿನಿಂದ ಬಿಸಿ ಟೀ ತಂದುಕೊಟ್ಟ. ಗಾಜಿನ ಲೋಟವನ್ನು ಅವಳು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಕುಡಿದಳು. ಕುಡಿದು ಅವನ ಕಡೆ ನೋಡಿದಳು.

"ಏನು, ಚಪ್ಪಾಳೆ ತಟ್ಬೇಕಾ?" ಎಂದ ಮಂಟೇಶ.

"ಏನ್ರೀ ಅದು ಮಾತು?"

"ನಮ್ಮ ಕೈಯಿಂದ ಒಂದು ಲೋಟ ಕುಡಿದು ಹಾಗೆ ನೋಡೋರನ್ನ ಬೇಕಾದಷ್ಟು ಕಂಡಿದ್ದೀನಿ. ಸರಿ, ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡಿ. ಅವತ್ತು ಆ ನೀರು ತಣ್ಣಗಿರ್ಲಿಲ್ಲ ಅಂದಿದ್ರೆ... ಇಡೀ ಬಸ್ಸು, ನಿಮ್ಮ ಬೀದಿ ಜನ ನೋಡ್ತಿದ್ದಾಗ... ಕುಡೀತಿದ್ರಾ?"

ಕುಡಿಯುತ್ತಿದ್ದೆ ಎನ್ನಲು ಬಾಯಿ ತೆರೆದಳು. ಶಾಲೆಯಲ್ಲಿ ದಿನಾ ಬೆಳಿಗ್ಗೆ ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸುವವಳು ಅವಳು. ಮನೆಯ ಹಿತ್ತಲಲ್ಲಿ ರಾಚಮ್ಮನಿಗೆ ನೀರು ಹುಯ್ಯುವಾಗ ಚೊಂಬನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ಅವಳ ಕೈಗೂ ಗೊತ್ತಿತ್ತು. ಯಾರೂ ಕಲಿಸಿದ ನೆನಪಿಲ್ಲ.

"ಗೊತ್ತಿಲ್ಲ" ಎಂದಳು.

ಮಂಟೇಶ ಅವಳನ್ನೇ ನೋಡಿದ. ಆ ನೋಟದಲ್ಲಿ ಮೊದಲ ಬಾರಿಗೆ ದ್ವೇಷವಿರಲಿಲ್ಲ.

"ಕುಡೀತಿದ್ದೆ ಅಂದಿದ್ರೆ ಎದ್ದು ಹೋಗ್ತಿದ್ದೆ."

"ಭಾನುವಾರ ಬರ್ಬೇಡಿ. ನಾನು ಎಲ್ಲರ ಎದುರೂ ಹೇಳ್ತೀನಿ, ಕಾಯಿಲೆ ವಿಷಯ."

"ಬೇಡ. ಪಾಪ, ಕಾಯಿಲೆ ಹುಡುಗಿ, ಅದಕ್ಕೆ ಆಗೋಯ್ತು, ಇವನನ್ನ ಬಿಟ್ಬಿಡಿ... ಹಾಗೆ ಉಳಿಸ್ತೀರಾ ನನ್ನ? ಅದೂ ಎತ್ತಿ ಹುಯ್ಯೋ ನೀರೇ ಕಣ್ರಿ."

ಅವನು ಎದ್ದು ಹೋದ. ಪವಿತ್ರ ಕೂತೇ ಇದ್ದಳು. ಇವನ ಮಾತು ಔಷಧಿಯ ಹಾಗೇ ಚುಚ್ಚುತ್ತದೆ... ಆದರೂ ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತದಲ್ಲ, ಯಾಕೆ?

*

ಭಾನುವಾರ ದೊಡ್ಡಮನೆಯ ಅಂಗಳ ತುಂಬಿತ್ತು. ಜಗಲಿಯ ಮೇಲೆ ಮಹದೇವಪ್ರಸಾದ್, ಪಕ್ಕದ ಕುರ್ಚಿಯಲ್ಲಿ ಬಸ್ ಓನರ್ ಶಿವಕುಮಾರಸ್ವಾಮಿ. ಬೀದಿಯ ಗಂಡಸರು ಗೋಡೆಗೊರಗಿ ನಿಂತಿದ್ದರು.

ಮಂಟೇಶನನ್ನು ರಾಚಮ್ಮ ಕೈಹಿಡಿದು ಎಳೆದು ತಂದಿದ್ದಳು. "ತಪ್ಪಾಯ್ತು ಅಂದ್ಬುಡ್ಲಾ ಮಗ. ಬಾಯ್ಮಾತು ತಾನೆ? ಬಗ್ಗುದ್ರೆ ಬೆನ್ನೇನು ಮುರ್ದೋದದಾ?"

"ನಿನ್ನ ಬೆನ್ನು ಏನಾಗದೆ ಅಂತ ನೋಡವ್ವ" ಎಂದ ಮಂಟೇಶ. ರಾಚಮ್ಮ ಅವನ ಕೈ ಬಿಟ್ಟಳು.

"ಏನ್ಲಾ, ಏನ್ ಯೋಚ್ನೆ ಮಾಡೀಯ?" ಅಂದ ಮಹದೇವಪ್ರಸಾದ್. "ನಮ್ಮ ಹೆಣ್ಮಗಳು ಬರ್ತಾಳೆ. ಕಾಲು ಮುಟ್ಟು, ಹೊರಡು. ನಾಳೆಯಿಂದ ಡ್ಯೂಟಿ."

ಪವಿತ್ರ ಹೊಸ್ತಿಲು ದಾಟಿ ಬಂದಳು. ಜಗಲಿಯ ಮೇಲೆ ನಿಲ್ಲಲಿಲ್ಲ. ಮೆಟ್ಟಿಲಿಳಿದು ಅಂಗಳದ ಮಣ್ಣಿಗೆ ಬಂದಳು.

"ಇವರು ಬಗ್ಗೋದಿಲ್ಲ" ಎಂದಳು. "ನನಗೆ ಕಾಮಾಲೆ ಅಲ್ಲ. ಗುದದ ಕ್ಯಾನ್ಸರ್. ಔಷಧಿಯಿಂದಾಗಿ ತಣ್ಣೀರು ತಾಗಿದ್ರೆ ಉಸಿರು ಕಟ್ಟುತ್ತೆ, ಅದಕ್ಕೆ ಬಾಟಲಿ ತಳ್ಳಿದೆ."

ಗೋಡೆಗೊರಗಿದ್ದ ಗಂಡಸರು ನೆಲ ನೋಡಿದರು. ಕ್ಯಾನ್ಸರ್ ಅನ್ನುವುದಕ್ಕಲ್ಲ, ಅದರ ಹಿಂದಿನ ಪದಕ್ಕೆ.

"ಅಯ್ಯೋ ಪಾಪ" ಎಂದ ಶಿವಕುಮಾರಸ್ವಾಮಿ. "ಅಂಗಾದ್ರೆ ಬುಡಿ, ಇಬ್ರಿಗೂ ಗೊತ್ತಿಲ್ದಂಗೆ ಆಗಿರೋದು."

"ನಾನು ಮುಗಿಸಿಲ್ಲ." ಪವಿತ್ರ ಅಣ್ಣನ ಕಡೆ ತಿರುಗಿದಳು. "ಇವರು ತಪ್ಪು ತಿಳ್ಕೊಂಡ್ರು ಅಂತ ಹೇಳೋಕೆ ನಾನು ಬಂದಿಲ್ಲ. ನಮ್ಮ ಮನೆ ಹಿತ್ತಲು ಕಂಡವರು ಹಾಗಲ್ಲದೆ ಇನ್ನು ಹೇಗೆ ತಿಳ್ಕೋಬೇಕು? ಕಾಯಿಲೆ ನನ್ನ ಕೈಲಿ ಒಂದು ಸಲ ಮಾಡಿಸಿದ್ದನ್ನ ಈ ಮನೆ ಕಾಯಿಲೆ ಇಲ್ದೇನೇ ದಿನಾ ಮಾಡ್ತು. ನಾನೂ ಮಾಡಿದ್ದೀನಿ. ಕ್ಷಮೆ ಕೇಳೋದಿದ್ರೆ ನಾನು ಕೇಳ್ಬೇಕು, ರಾಚಮ್ಮನ ಹತ್ರ."

ಅವಳು ರಾಚಮ್ಮನ ಕಡೆ ತಿರುಗಿದಳು. ರಾಚಮ್ಮ ಹೆದರಿ ಹಿಂದಕ್ಕೆ ಸರಿದಳು. "ಬ್ಯಾಡ ಕಣವ್ವ... ನಮ್ಗೆ ಇನ್ನೊಂದ್ ತೊಂದ್ರೆ ತಂದಿಡ್ಬ್ಯಾಡ."

ಆ ಹೆದರಿಕೆ ಪವಿತ್ರಳಿಗೆ ಕಪಾಳಕ್ಕೆ ಹೊಡೆದಂತಿತ್ತು. ಕ್ಷಮೆ ಕೇಳುವುದು ಕೂಡ ಇವರಿಗೆ ಅಪಾಯ ತರುತ್ತದೆ... ಇಷ್ಟು ದಿನ ಯಾವ ಊರಿನಲ್ಲಿ ಬದುಕಿದ್ದೆ ನಾನು?

"ಒಳಗೆ ನಡಿ" ಅಂತ ಗದರಿದ ಮಹದೇವಪ್ರಸಾದ್. "ಇಲ್ಲಾ, ಈ ಮನೆ ಮೆಟ್ಟಿಲು ಮತ್ತೆ ಹತ್ಬೇಡ."

ಪವಿತ್ರ ಹತ್ತಲಿಲ್ಲ. ಉಟ್ಟ ಬಟ್ಟೆಯಲ್ಲೇ ಬೀದಿಗೆ ನಡೆದಳು. ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿದರೆ ಅವ್ವ. ಕಂಕುಳಲ್ಲಿ ಮಾತ್ರೆಯ ಚೀಲ.

"ನೀನ್ಯಾಕವ್ವ?"

"ನಿಂಗೆ ಬಿಸಿನೀರ್ ಕಾಯ್ಸಿ ಕೊಡೋರ್ ಯಾರು? ನಡಿ ಮುಂದಕ್ಕೆ, ಬಾಯ್ಮುಚ್ಕಂಡು." ಚನ್ನಮಲ್ಲಮ್ಮ ಅಳುತ್ತಲೇ ಬೈದರು. "ಆ ಪದನೇ ಏಳ್ಬೇಕಿತ್ತಾ? ಒಟ್ಟೆ ಅಂದಿದ್ರೆ ಸಾಕಾಗ್ತಿರ್ಲಿಲ್ವಾ?"

ಮಂಟೇಶ ಬಗ್ಗಲಿಲ್ಲ. ಅವನ ಕೆಲಸ ಉಳಿಯಲೂ ಇಲ್ಲ. ನಿಜ ಹೇಳಿದ ಕೂಡಲೇ ಎಲ್ಲ ಸರಿಹೋಗುವ ಊರು ಇನ್ನೂ ಹುಟ್ಟಿಲ್ಲ. ಅವನು ಒಬ್ಬ ವಕೀಲರ ಆಫೀಸಿನಲ್ಲಿ ಟೈಪು ಮಾಡಲು ಸೇರಿಕೊಂಡ.

*

ತಾಯಿ ಮಗಳು ಕೊಳ್ಳೇಗಾಲದ ಒಂದು ಕೋಣೆಯ ಮನೆಗೆ ಬಂದರು. ಪಕ್ಕದಲ್ಲಿ ರೇಷ್ಮೆ ಮಗ್ಗಗಳ ಸದ್ದು.

ಮುಂದಿನ ಕೀಮೋ ದಿನ ಬಸ್ಸಿನಲ್ಲಿ ಮಂಟೇಶ ಬಂದು ಪಕ್ಕದ ಸೀಟಿನಲ್ಲಿ ಕೂತ.

"ಕರುಣೆಗೆ ಬಂದ್ರಾ?"

"ಕೋರ್ಟ್ ಕೆಲಸ ಇದೆ ಚಾಮರಾಜನಗರದಲ್ಲಿ."

ಸುಳ್ಳು. ಅವಳಿಗೂ ಗೊತ್ತಿತ್ತು. ಆದರೆ ಅವನು ಕರುಣೆ ತೋರಲಿಲ್ಲ. ದಾರಿಯುದ್ದಕ್ಕೂ ಜಗಳವಾಡಿದ. ಅವಳು ಓದಿದ ಪುಸ್ತಕಗಳ ಬಗ್ಗೆ, ಓದದ ಪುಸ್ತಕಗಳ ಬಗ್ಗೆ, ಅವಳ ಶಾಲೆಯಲ್ಲಿ ಕಕ್ಕಸು ತೊಳೆಯಲು ಯಾವ ಮಕ್ಕಳನ್ನು ಕಳಿಸುತ್ತಾರೆ ಎಂಬುದರ ಬಗ್ಗೆ. ಅವಳೂ ಬಿಡಲಿಲ್ಲ. "ನಿಮ್ಮ ಓದುಬಳಗದಲ್ಲಿ ಒಬ್ಬಳಾದ್ರೂ ಹೆಂಗಸು ಇದ್ದಾಳೇನ್ರಿ? ಟೀ ಮಾಡೋಕೆ ಬಿಟ್ಟು?" ಅವನು ಸೋತು ಕಿಟಕಿ ಕಡೆ ನೋಡಿದ. ಮುಂದಿನ ತಿಂಗಳು ಬಳಗದಲ್ಲಿ ಅವಳೇ ಮಾತಾಡಿದಳು, ಹೆಸರಿಲ್ಲದ ಜಾಗದ ಕಾಯಿಲೆಯ ಬಗ್ಗೆ. ಗಂಡಸರು ಟೀ ಮಾಡಿದರು.

ಅವಳ ಬೆರಳು ಮರಗಟ್ಟಿ ಗುಂಡಿ ಹಾಕಲಾಗದ ದಿನವೂ ಅವನು ಹಾಕಿಕೊಡಲಿಲ್ಲ. ಅವಳು ತಾನೇ ಹಾಕಿಕೊಳ್ಳುವವರೆಗೆ ಬಾಗಿಲ ಹೊರಗೆ ಕಾದ.

ಕೀಮೋ ಮುಗಿಯಿತು. ಕೊನೆಯ ಸ್ಕ್ಯಾನ್ ಆಯಿತು. ಫಲಿತಾಂಶ ತಿಳಿಯುವ ದಿನ ಇಬ್ಬರೂ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಡಾಕ್ಟರು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು.

"ಗೆಡ್ಡೆ ಮತ್ತೆ ಬಂದಿದ್ರೆ..." ಎಂದಳು.

"ಪವಿತ್ರ, ಒಂದು ಮಾತು. ಒಳಗೆ ಹೋಗೋಕೆ ಮುಂಚೆ."

"ಹೊರಗೆ ಬಂದ ಮೇಲೆ ಹೇಳಿ."

"ಇಲ್ಲ. ಬಂದ ಮೇಲೆ ಹೇಳಿದ್ರೆ ಅದು ಕೆಟ್ಟೋಗುತ್ತೆ. ಒಳ್ಳೇದು ಬಂದ್ರೆ ಲೆಕ್ಕ ಹಾಕಿ ಹೇಳ್ದ ಅಂತೀರಿ. ಕೆಟ್ಟದ್ದು ಬಂದ್ರೆ ಕನಿಕರ ಅಂತೀರಿ. ಏನೂ ಗೊತ್ತಿಲ್ದೇ ಇರೋ ಈಗಲೇ ಹೇಳ್ಬೇಕು." ಕೋರ್ಟಿನಲ್ಲಿ ವಾದ ಮಾಡಲು ಹೊರಟವನ ನಾಲಿಗೆ ಒಣಗಿತ್ತು. "ನೀವು ನನಗೆ ಬೇಕು. ಎಷ್ಟು ದಿನಕ್ಕೋ ಅಷ್ಟು ದಿನಕ್ಕೆ."

ಪವಿತ್ರ ತಲೆ ತಗ್ಗಿಸಿದಳು. ಕಣ್ಣೀರು ಮಡಿಲಿಗೆ ಬಿತ್ತು.

"ನಿಮ್ಮವ್ವ ಒಪ್ತಾರಾ?"

"ಸುತಾರಾಂ ಇಲ್ಲ. ಆ ಮನೆ ಹೆಣ್ಣು ನಮ್ಮನೆಗೆ ಬ್ಯಾಡ ಅಂತ ಪಟ್ಟು ಹಿಡಿದಿದ್ದಾಳೆ."

"ಕಾಯಿಲೆ ಅಂತಾನಾ?"

"ಜಾತಿ ಅಂತ."

ಪವಿತ್ರ ನಕ್ಕಳು. ಅಳುತ್ತಲೇ ನಕ್ಕಳು, ಹೊಟ್ಟೆಯ ಹೊಲಿಗೆ ನೋಯುವಷ್ಟು ನಕ್ಕಳು. ಕಾರಿಡಾರಿನ ಜನ ತಿರುಗಿ ನೋಡಿದರು. ಅವನೂ ನಕ್ಕ.

"ಸರಿಯಾಗೇ ಹೇಳಿದ್ದಾರೆ" ಎಂದಳು ಕಣ್ಣೊರೆಸಿಕೊಂಡು. "ಅವರು ಒಪ್ಪೋವರೆಗೆ ನಾನು ಕಾಯ್ತೀನಿ. ನೀವು ನನ್ನ ಪರವಾಗಿ ವಾದ ಮಾಡ್ಬೇಡಿ. ನಾನೇ ಹೋಗಿ ಬೈಸ್ಕೊತೀನಿ."

"ತುಂಬಾ ಬೈತಾಳೆ."

"ಬೈಲಿ. ಬೈಯೋಕೆ ಅವರಿಗೆ ಇಷ್ಟು ವರ್ಷ ಯಾರು ಅವಕಾಶ ಕೊಟ್ಟಿದ್ರು?"

ಬಾಗಿಲು ತೆರೆದು ನರ್ಸು ಕೂಗಿದಳು. "ಪವಿತ್ರ ಯಾರಮ್ಮ? ಡಾಕ್ಟರ್ ಕರೀತಿದ್ದಾರೆ."

ಅವಳು ಏಳಲಿಲ್ಲ.

"ಒಂದ್ ನಿಮಿಷ ಇರಿ ಸಿಸ್ಟರ್. ಇವರಿಗೊಂದು ಉತ್ತರ ಕೊಡೋದಿದೆ, ಒಳಗೆ ಬರೋಕೆ ಮುಂಚೆ." ಮಂಟೇಶನ ಕಡೆ ತಿರುಗಿದಳು. "ನನಗೂ ನೀವು ಬೇಕು. ಎಷ್ಟು ದಿನಕ್ಕೆ ಅಂತ ನಾನು ಕೇಳಲ್ಲ. ನೀವೂ ಕೇಳಬೇಡಿ."

"ಕೇಳಲ್ಲ."

"ಹಾಗಾದ್ರೆ ಏಳಿ. ಅವರು ಏನು ಹೇಳ್ತಾರೋ, ಇಬ್ರೂ ಕೇಳೋಣ."